ಮೈದಾನದ ನಡುಗೆರೆಯವರೆಗೆ

ಅಮೆರಿಕದಲ್ಲಿ ನಾವಿದ್ದ ಬ್ಯಾಲಂಟೈನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಮೆರಿಕನ್ ಅಜ್ಜ ಶೂ ಲೇಸಿಗೆ ಯಾವಾಗಲೂ ಎರಡೆರಡು ಗಂಟು ಹಾಕುತ್ತಿದ್ದರು. ಐವತ್ತರ ದಶಕದಲ್ಲಿ ಒಂದೂ ಪಂದ್ಯ ಸೋಲದೆ ಸೀಸನ್ ಮುಗಿಸಿದ ಪುಟ್ಟ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿದವರು. ನಡೆಯುವಾಗ ಆಸರೆಗೆಂದು ಕೈಹಿಡಿಯಲು ಹೋದರೆ, "ನಮ್ಮ ಟೀಮಲ್ಲಿ ಬದಲಿಗೆ ಇಳಿಯೋರೇ ಇರ್ಲಿಲ್ಲಮ್ಮ, ಏಟಾದ್ರೂ ನಾವೇ ಆಡಿ ಮುಗಿಸ್ಬೇಕಿತ್ತು," ಎನ್ನುತ್ತಿದ್ದರು.

ಆ ತಂಡದಲ್ಲಿ ಇನ್ನೂ ಬದುಕುಳಿದಿದ್ದವರು ಅವರೊಬ್ಬರೇ. ಕಾಲೇಜು ಸನ್ಮಾನಕ್ಕೆ ಕರೆದಾಗ ನಾನೇ ಕಾರಿನಲ್ಲಿ ಕರೆದೊಯ್ದೆ. ಸೊಂಟದ ಆಪರೇಷನ್ ಆಗಿ ಮೂರೇ ತಿಂಗಳು; ಆದರೂ ಮೈದಾನದ ನಡುಗೆರೆಯವರೆಗೆ ನಡೆದೇ ಹೋಗಬೇಕೆಂಬ ಹಟ.

"ಬಿದ್ರೆ?" ಎಂದೆ.

"ಬಿದ್ದು ಏಳೋದೇ ನಮ್ಮ ಆಟ."

ಖಾಲಿ ವೀಲ್‌ಚೇರ್ ತಳ್ಳುತ್ತ ನಾನು ಹಿಂದೆ ನಡೆದೆ. ಅವರು ಎರಡು ಸಲ ನಿಂತರು. ಗ್ಯಾಲರಿಯೇ ಉಸಿರು ಬಿಗಿಹಿಡಿಯಿತು. ಗೆರೆ ದಾಟಿದಾಗ ಎದ್ದ ಚಪ್ಪಾಳೆಗೆ ಟೋಪಿ ಎತ್ತಿ, ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು.

"ಗೆದ್ದಾಯ್ತಲ್ಲ, ಈಗ ಆ ಕುರ್ಚಿ ಕೊಡಮ್ಮ."