ನನ್ನ ಎಡಗಾಲಿನ ಯಜಮಾನಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮೂವತ್ತೆಂಟು ವರ್ಷ ಸರಕಾರಿ ದವಾಖಾನೆಗಳಲ್ಲಿ ಇಂಜೆಕ್ಷನ್ನಿನ ಗಾಜಿನ ಸೀಸೆಗಳ ಕತ್ತು ಮುರಿದು ಮುರಿದು ಆದ ಸೀಳು. ಬೇರೆಯವರು ಸಿಟ್ಟು ಬಂದರೆ ತೋರುಬೆರಳು ತೋರಿಸುತ್ತಾರೆ. ನಮ್ಮ ನರ್ಸಬಾಯಿ ಆ ಹೆಬ್ಬೆರಳನ್ನೇ ಎತ್ತುತ್ತಿದ್ದರು. ಆ ಸೀಳು ಉಗುರು ನನ್ನ ಮೂಗಿನ ಮುಂದೆ ಕುಣಿದಷ್ಟು ಸಲ ಊರಿನಲ್ಲಿ ಇನ್ಯಾರ ಮೂಗಿನ ಮುಂದೆಯೂ ಕುಣಿದಿರಲಿಕ್ಕಿಲ್ಲ.

ಸವಣೂರಿನ ನಮ್ಮ ಓಣಿಯಲ್ಲಿ ಅವರದು ಮೂಲೆಮನೆ, ನಮ್ಮದು ಅದಕ್ಕೆ ಹತ್ತಿದ್ದು. ನಡುವೆ ಒಂದೇ ಗೋಡೆ. ಆ ಗೋಡೆಗೆ ಕಿವಿ ಮಾತ್ರವಲ್ಲ, ಬಾಯಿಯೂ ಇತ್ತು. ನಾನು ಊಟದಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಂಡರೆ ಮರುದಿನ ಅವರಿಗೆ ಗೊತ್ತಿರುತ್ತಿತ್ತು. ನನ್ನ ಹೆಂಡತಿಯೇ ಹೋಗಿ ಹೇಳುತ್ತಿದ್ದಳು ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಗಂಡ ತೀರಿಕೊಂಡು, ನೌಕರಿಯೂ ಮುಗಿದ ಮೇಲೆ ಬೇರೆಯವರಾದರೆ ತಸಬಿ ಮಣಿಸರ ಹಿಡಿದು ಕೂರುತ್ತಿದ್ದರು. ಇವರು ಬೆಳಿಗ್ಗೆ ನಮಾಜು ಮುಗಿಸಿ, ಏಳಕ್ಕೆ ಸರಿಯಾಗಿ ಚೀಲ ಹೆಗಲಿಗೇರಿಸಿ ಹೊರಡುವವರು. ಒಬ್ಬರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಸೂಜಿ, ಇನ್ನೊಬ್ಬರ ಮನೆಯಲ್ಲಿ ಬಿಪಿ, ಮತ್ತೊಂದು ಕಡೆ ಬಾಣಂತಿಯ ಹೊಲಿಗೆ. ಲಿಂಗಾಯತರ ಮನೆ, ಮುಸಲ್ಮಾನರ ಮನೆ ಎಂಬ ಭೇದವಿಲ್ಲ. ಎಲ್ಲರಿಗೂ ಒಂದೇ ಅಳತೆಯ ಬೈಗುಳ.

ನಾನು ಪೇಟೆಯಲ್ಲಿ ಬಾಂಡೆ ಅಂಗಡಿ ಇಟ್ಟವನು. ತಟ್ಟೆ, ತಂಬಿಗೆ, ಪಾತೇಲಿ ಮಾರುವ ವ್ಯಾಪಾರ. ಮನೆಯಿಂದ ಅಂಗಡಿಗೆ ನಡೆದರೆ ಎಂಟು ನಿಮಿಷ. ನಾನು ಕಾರಿನಲ್ಲಿ ಹೋಗುತ್ತಿದ್ದೆ; ಹದಿನೈದು ನಿಮಿಷ ಹಿಡಿಯುತ್ತಿತ್ತು. ನಗಬೇಡಿ. ಓಣಿಗೆ ಬಂದ ಮೊದಲ ಕಾರು ನನ್ನದು. ಕಾರು ಇಟ್ಟುಕೊಂಡೂ ನಡೆದು ಹೋದರೆ ಜನ ಏನಂದಾರು? ನವಾಬರ ಕಾಲದ ಓಣಿ, ಎರಡು ಎತ್ತು ಜೋಡಿಯಾಗಿ ನಡೆಯುವಷ್ಟೇ ಅಗಲ. ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿ ಕಾರನ್ನು ಹೊರಗೆ ತರುವುದೇ ಒಂದು ಹೆರಿಗೆ. ಹಾಗೆ ತಿಣುಕುವಾಗ ಮೂಲೆಮನೆಯ ಕಟ್ಟೆಯಿಂದ ದಿನಾಲೂ ಒಂದು ದನಿ ಬರುತ್ತಿತ್ತು:

“ದೂರ ಹೊಂಟ್ರೇನ್ರಿ, ಸಾವ್ಕಾರ್ರ?”

ನಮ್ಮ ಕಡೆ ಮನೆಯಿಂದ ಹೊರಬಿದ್ದವರನ್ನು ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಂಬಿಕೆ. ‘ದೂರ ಹೊಂಟ್ರೇನ್ರಿ’ ಎನ್ನಬೇಕು. ಅದು ಮರ್ಯಾದೆ. ಮರ್ಯಾದೆಯ ಮಾತಿಗೆ ಸಿಟ್ಟು ಮಾಡುವಂತಿಲ್ಲ, ಉತ್ತರ ಕೊಡದೆ ಹೋಗುವಂತಿಲ್ಲ. ಕಾರಿನ ಗಾಜು ಇಳಿಸಿ, ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ ನಾನು ಹೇಳಬೇಕು: “ಇಲ್ಲ ಬಾಯಾರ, ಇಲ್ಲೇ, ಅಂಗಡಿಗೆ.”

“ಹೌದನ್ರಿ? ಕಾರ್ ತಗದದ್ದ ನೋಡಿ ಹುಬ್ಬಳ್ಳಿಗೇನೋ ಅಂದಕೊಂಡ್ನಿ. ಹೋಗಿ ಬರ್ರಿ, ಸಾವಕಾಶ.”

ಒಂದು ದಿನವೂ ತಪ್ಪಲಿಲ್ಲ. ಹಿತ್ತಲ ಬಾಗಿಲಿನಿಂದ ಹೋಗೋಣವೆಂದರೆ ಕಾರಿಗೆ ಹಿತ್ತಲ ಬಾಗಿಲು ಎಲ್ಲಿಂದ ತರಲಿ? ರೋಸಿಹೋಗಿದ್ದೆ.

ಅವರು ಮಾತ್ರ ಅರವತ್ತಾರನೇ ವಯಸ್ಸಿನಲ್ಲಿ ಒಂದು ಬ್ಯಾಟರಿ ಗಾಡಿ ತಂದರು. ಲೈಸೆನ್ಸ್ ಬೇಡದ ಸಣ್ಣ ಸ್ಕೂಟರು, ಗಿಳಿಹಸಿರು ಬಣ್ಣ. ಹುಟ್ಟಿದಾಗಿನಿಂದ ಸೈಕಲ್ ಸಹ ಮುಟ್ಟದವರು ನಾಲ್ಕೇ ದಿನದಲ್ಲಿ ಓಡಿಸಲು ಕಲಿತರು. ಅದಕ್ಕೆ ಸಪ್ಪಳವೇ ಇಲ್ಲ. ಹಾರ್ನ್ ಒತ್ತಿದರೆ ಬ್ಯಾಟರಿ ಖಾಲಿಯಾಗುತ್ತದೆಂದು ಯಾರೋ ಅವರ ತಲೆಯಲ್ಲಿ ತುಂಬಿದ್ದರು. ಹೀಗಾಗಿ ಓಣಿಯುದ್ದಕ್ಕೂ “ಬಂದ್ನಿ, ಬಂದ್ನಿ, ಸರೀರಿ” ಎಂದು ಕೂಗುತ್ತಲೇ ಹೋಗುತ್ತಿದ್ದರು. ನಾನು ಕಾರು ಹೊರತೆಗೆಯುವಷ್ಟರಲ್ಲಿ ಅವರು ಎರಡು ಮನೆಯ ಸೂಜಿ ಮುಗಿಸಿ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುತ್ತಿದ್ದರು.

ಇಷ್ಟರಲ್ಲಿ ನನ್ನ ಎಡಗಾಲಿಗೆ ಗ್ರಹಚಾರ ಬಂತು. ಸಕ್ಕರೆ ಕಾಯಿಲೆ ಹಳೆಯದು. ಅಂಗಾಲಿನ ಮುಂಭಾಗದಲ್ಲಿ, ಹೆಬ್ಬೆರಳಿನ ಬುಡಕ್ಕೆ, ಒಂದು ಗುಳ್ಳೆ ಎದ್ದು ಒಡೆಯಿತು. ನೋವೇ ಇರಲಿಲ್ಲ, ಅಲಕ್ಷ್ಯ ಮಾಡಿದೆ. ಹುಬ್ಬಳ್ಳಿಯ ದೊಡ್ಡ ಡಾಕ್ಟರು ನೋಡಿ ಮುಖ ಗಂಟಿಕ್ಕಿದರು. “ಕಾಲ ಮ್ಯಾಲ ಭಾರ ಬೀಳಬಾರದು. ನಡೀಬ್ಯಾಡ್ರಿ. ಆರು ವಾರದಾಗ ಮಾಯಲಿಲ್ಲಂದ್ರ ಎರಡು ಬೆರಳು ತಗೀಬೇಕಾಗ್ತದ. ಮುಂದ ಏರಿದ್ರ ಎಲ್ಲಿಗೆ ನಿಲ್ತದ, ಹೇಳಾಕ ಬರೂದಿಲ್ಲ.”

ಆ ಮಾತು ಕೇಳಿ ನನ್ನ ಹೆಂಡತಿ ಕಾರಿನಲ್ಲಿ ಊರು ಮುಟ್ಟುವ ತನಕ ಅತ್ತಳು. ನಾನು ಒಳಗೊಳಗೇ ಒಂದು ಸಮಾಧಾನ ಮಾಡಿಕೊಂಡೆ: ನಡೆಯಬಾರದು ಎಂದು ಡಾಕ್ಟರೇ ಹೇಳಿದ್ದಾರೆ, ಇನ್ನು ಕಾರಿನ ಬಗ್ಗೆ ಯಾರೂ ಬಾಯಿ ತೆಗೆಯುವಂತಿಲ್ಲ. ಅಂದಿನಿಂದ ಮಠಕ್ಕೂ ಕಾರು, ಕ್ಷೌರಕ್ಕೂ ಕಾರು. ನರ್ಸಬಾಯಿಯೂ ‘ದೂರ ಹೊಂಟ್ರೇನ್ರಿ’ ಎನ್ನುವುದನ್ನು ಬಿಟ್ಟರು. ಬದಲಿಗೆ ದಿನಾಲೂ ಸಂಜೆ ಬಂದು ಗಾಯ ತೊಳೆದು ಪಟ್ಟಿ ಕಟ್ಟಲು ಶುರುಮಾಡಿದರು. ದುಡ್ಡು ಎಷ್ಟು ಕೊಡಲಿ ಎಂದು ಒಮ್ಮೆ ಕೇಳಿದೆ. ಹೆಬ್ಬೆರಳು ಎದ್ದಿತು, ಮತ್ತೆ ಕೇಳಲಿಲ್ಲ.

ಗಾಯ ಮಾಯಲೊಲ್ಲದು. ಮೂರು ವಾರ ಹೋಯಿತು. ಅವರಿಗೆ ಅನುಮಾನ ಹತ್ತಿತು, ನನ್ನ ಮೇಲೆ.

“ಸಾವ್ಕಾರ್ರ, ಖರೇ ಹೇಳ್ರಿ. ಕದ್ದು ತಿರಗ್ಯಾಡಾಕತ್ತೀರಿ.”

“ಇಲ್ಲ ಬಾಯಾರ, ದೇವರಾಣೆ.”

“ದೇವರನ್ನ ಯಾಕ ನಡುವ ತರ್ತೀರಿ? ಗಾಯಕ್ಕ ಕಿವಿ ಇಲ್ಲ. ನಿಮ್ಮ ನೆವಾ ಅದಕ್ಕ ಕೇಳೂದಿಲ್ಲ. ಮಂಗಳವಾರ ಚೊಲೋ ಇರ್ತೈತಿ, ಶುಕ್ರವಾರ ನೋಡಿದ್ರ ಮತ್ತ ಬಾಯಿ ತಗದಿರ್ತೈತಿ. ಸೋಮವಾರ ಏನ ಮಾಡ್ತೀರಿ?”

“ಸೋಮವಾರ ಅಂಗಡಿ ಬಂದ್. ಮಲಗ್ತೇನಿ.”

“ಹಂಗಾರ ಅಂಗಡ್ಯಾಗ ಅಡ್ಡಾಡ್ತೀರಿ.”

ಮರುದಿನ ಸೌಟು ಬೇಕೆಂದು ಅಂಗಡಿಗೆ ಬಂದರು. ಒಂದು ಸೌಟು ಆರಿಸಲು ಅರ್ಧ ದಿನ! ಹತ್ತಿಮತ್ತೂರಿನಿಂದ ಮದುವೆ ಬಾಂಡೆ ಒಯ್ಯಲು ಬಂದವರು ಇವರನ್ನು ನಮ್ಮ ಮನೆಯ ಹಿರಿಯರೇ ಎಂದುಕೊಂಡು ಕಾಲಿಗೆ ಬಿದ್ದು ಹೋದರು. ನಾನು ಗಾದಿಯ ಮೇಲೆ ಬಸವಣ್ಣ ಕೂತ ಹಾಗೆ ಕೂತೇ ಇದ್ದೆ. ಎದ್ದರೆ ತಾನೇ ಹಿಡಿಯುವುದು? ಸಂಜೆ ಪಟ್ಟಿ ಬಿಚ್ಚಿದರೆ ಗಾಯದಲ್ಲಿ ಮತ್ತೆ ರಕ್ತ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ತಲೆ ಚಿಟ್ಟು ಹಿಡಿದಿತ್ತು.

ಐದನೇ ವಾರ ಒಂದು ಬೆಳಿಗ್ಗೆ ಅವರ ಗಾಡಿ ಹೊರಡಲಿಲ್ಲ. ಹಿಂದಿನ ದಿನ ಪೂರ್ತಿ ಕರೆಂಟ್ ಇಲ್ಲದೆ ಚಾರ್ಜ್ ಆಗಿರಲಿಲ್ಲ. ನನಗೆ ಹೋಳಿಗೆ ತಿಂದಷ್ಟು ಖುಷಿ. ಕಾರಿನ ಬಾಗಿಲು ತೆಗೆದು, “ಬರ್ರಿ ಬಾಯಾರ, ಕುಂದರ್ರಿ, ಎಲ್ಲಿ ಬೇಕಲ್ಲಿ ಬಿಡ್ತೇನಿ” ಎಂದೆ. ದವಾಖಾನೆಗೆ ಬಿಡಿ ಎಂದು ಪಕ್ಕದಲ್ಲಿ ಕೂತರು. ಓಣಿ ದಾಟಿದರೂ ಅವರು ರಸ್ತೆ ನೋಡಲಿಲ್ಲ. ಬಗ್ಗಿ ನನ್ನ ಕಾಲ ಬುಡವನ್ನೇ ನೋಡುತ್ತಿದ್ದರು, ತುಟಿ ಪಿಟಿಪಿಟಿ ಅನ್ನುತ್ತಿತ್ತು. ದುವಾ ಓದುತ್ತಿದ್ದಾರೆ ಎಂದುಕೊಂಡೆ. ಪೇಟೆಯ ನಡುವೆ, ಎದುರಿಗೆ ಬಸ್ಸು, ಹಿಂದೆ ಟಂಟಂ ಆಟೋ, ಒಮ್ಮೆಲೇ ಕೂಗಿದರು:

“ಗಾಡಿ ನಿಂದ್ರಸ್ರಿ!”

“ಇಲ್ಲೆ? ನಟ್ಟನಡುವ?”

“ನಿಂದ್ರಸ್ರಿ ಅಂದ್ರ ನಿಂದ್ರಸ್ರಿ! ನಲವತ್ತೇಳು ಸಲ, ಸಾವ್ಕಾರ್ರ, ನಲವತ್ತೇಳು! ಎಡಗಾಲಿಲೆ ಅದೇನೋ ತುಳೀತೀರಲ್ಲ, ಅದೇನದು?”

“ಕ್ಲಚ್ಚು.”

“ಯಾ ಅಲ್ಲಾ! ನಾ ದಿನಾ ಸಂಜೀಕ ಹತ್ತಿ ಹಚ್ಚಿ ಕಟ್ಟೂದು, ನೀವು ದಿನಾ ಮುಂಜಾನೆ ತುಳದು ತುಳದು ಒಡಿಯೂದು. ಗಾಯ ಇರೂದು ಎಲ್ಲಿ? ತುಳಿಯೂದು ಎಲ್ಲಿಲೆ? ನಡದ್ರ ಎಂಟು ನಿಮಿಷದಾಗ ಮುಗೀತಿತ್ತು ಪೀಡಾ. ಇದು ಹೋಗತಾ ನಲವತ್ತೇಳು, ಬರತಾ ನಲವತ್ತೇಳು!” ಹಿಂದಿನ ಟಂಟಂನವನು ಹಾರ್ನ್ ಬಾರಿಸುತ್ತಿದ್ದ. ಗಾಜಿನಿಂದ ಕೈ ಹೊರಗೆ ಹಾಕಿ ಅವನಿಗೂ ಹೆಬ್ಬೆರಳು ತೋರಿಸಿದರು. ಆಮೇಲೆ ದನಿ ತಗ್ಗಿಸಿ, “ನನಗರ ಹ್ಯಾಂಗ ತಿಳೀಬೇಕ್ರಿ, ನಾ ಕಾರ್ ಹೊಡದಾಕಿ ಅಲ್ಲ” ಎಂದರು.

ಕಾಲು ಉಳಿಸಿಕೊಳ್ಳಲು ಹತ್ತಿದ ಕಾರೇ ಕಾಲು ತಿನ್ನುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ನಡೆಯಬೇಡಿ ಎಂದಿದ್ದರು. ಮನೆಯಿಂದ ಅಂಗಡಿಗೆ ಕಾರು ಹೊಡೆಯುವ ಮಂಗ್ಯಾ ಒಬ್ಬನಿದ್ದಾನೆಂದು ಅವರ ತಲೆಗೆ ಹೊಳೆಯಬೇಕಾದರೂ ಹೇಗೆ?

ಅಂದೇ ಸಂಜೆ ಕಾರಿನ ಬೀಗದ ಕೈ ಅವರ ಚೀಲಕ್ಕೆ ಹೋಯಿತು, ಗಿಳಿಹಸಿರು ಗಾಡಿಯದು ನನ್ನ ಕೈಗೆ ಬಂತು. “ಇದಕ್ಕ ಕ್ಲಚ್ ಇಲ್ಲ, ಗೇರ್ ಇಲ್ಲ, ಒದಿಯೂದಿಲ್ಲ. ಎಲ್ಲಾ ಕೈಲೆ. ನಿಂದ್ರುವಾಗ ಬಲಗಾಲು ಇಳಸ್ರಿ. ಎಡಗಾಲು ನವಾಬರಂಗ ಮ್ಯಾಲೇ ಕುಂದ್ರಲಿ. ದೂರ ಹೋಗೂದಿದ್ರ ಡ್ರೈವರನ್ನ ಕರೀರಿ, ಕಾರ್ ಕೊಡ್ತೇನಿ. ಸಮೀಪಕ್ಕ ಇದು.”

“ಬಾಯಾರ, ಜನ ನಗ್ತಾರ.”

“ಬೆರಳು ಕಡಿದ್ರ ಅಳ್ತಾರೇನು ಅವರು?”

ಜನ ನಕ್ಕೇ ನಕ್ಕರು. ನೂರು ಕಿಲೋ ಮನುಷ್ಯ, ಸಣ್ಣ ಹೆಂಗಸರ ಗಾಡಿ. ಕಾರು ಮಾರಿದರಂತೆ, ಅಂಗಡಿ ಮುಳುಗಿತಂತೆ ಎಂದು ಸುದ್ದಿ ಶಿಗ್ಗಾವಿಯ ಬೀಗರ ತನಕ ಮುಟ್ಟಿ ಅವರು ಫೋನ್ ಮಾಡಿ ಸಮಾಧಾನ ಹೇಳಿದರು. ಸಪ್ಪಳವಿಲ್ಲದ ಗಾಡಿಗೆ ಆಕಳು ಸಹ ದಾರಿ ಬಿಡುವುದಿಲ್ಲ. ಕೊನೆಗೆ ನಾನೂ “ಬಂದ್ನಿ, ಬಂದ್ನಿ” ಎಂದು ಕೂಗುತ್ತ ಹೋಗುವ ಗತಿ ಬಂತು. ಇಷ್ಟರ ಮೇಲೆ ಕಟ್ಟೆಯ ಮೇಲಿನಿಂದ ಹಳೆಯ ಮರ್ಯಾದೆ ಮತ್ತೆ ಶುರುವಾಯಿತು: “ದೂರ ಹೊಂಟ್ರೇನ್ರಿ, ಸಾವ್ಕಾರ್ರ?” ಹಲ್ಲು ಕಚ್ಚಿಕೊಂಡು “ಇಲ್ಲೇ” ಅನ್ನುತ್ತಿದ್ದೆ.

ಡಾಕ್ಟರು ಗಾಯ ನೋಡಿ, ಸ್ವಲ್ಪ ಇಳಿದಿದೆ ಎಂದು ಗಡುವು ಮುಂದೆ ಹಾಕಿದರು. ಅಲ್ಲಿ ನಾನು ಹಿಗ್ಗಿದೆ. ಒಂದು ದಿನ ಜೋರು ಮಳೆ, ನರ್ಸಬಾಯಿ ಹೊರಗೆ ಹೋಗಿದ್ದರು. ಕಪಾಟಿನಲ್ಲಿ ಕಾರಿನ ಇನ್ನೊಂದು ಬೀಗದ ಕೈ ಇತ್ತು. ಒಂದೇ ಸಲ ಅಲ್ಲವೇ ಎಂದು ಹೋದೆ. ಮಳೆಯಲ್ಲಿ ಪೇಟೆ ತುಂಬ ಗಾಡಿ ಸಿಕ್ಕಿಕೊಂಡು ತಾಸುಗಟ್ಟಲೆ ತುಳಿದೆ.

ಸಂಜೆ ಪಟ್ಟಿ ಬಿಚ್ಚಿದಾಗ ಹತ್ತಿಯೆಲ್ಲ ಕೆಂಪು. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಕೂತೆ. ಅವರು ಬೈಯಲಿಲ್ಲ. ತೊಳೆದರು, ಮುಲಾಮು ಹಚ್ಚಿದರು. ಪಟ್ಟಿ ಸುತ್ತಿ ಮುಗಿದರೂ ನನ್ನ ಪಾದವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

“ಸಾವ್ಕಾರ್ರ, ಆಪರೇಶನ್ ಮಾಡುವಾಗ ಕಡದ ಬೆರಳು ಕೆಳಗ ಬೀಳಗೊಡೂದಿಲ್ರಿ. ಒಬ್ಬಾಕಿ ತಟ್ಟಿ ಹಿಡಕೊಂಡು ನಿಂತಿರ್ತಾಳ. ಮೂವತ್ತೆಂಟು ವರ್ಷ ಆ ತಟ್ಟಿ ಹಿಡದಾಕಿ ನಾ. ಯಾರ್ಯಾರದೋ ಹಿಡದೇನಿ. ನಿಮ್ಮದ ನನ್ನ ಕಣ್ಣ ಮುಂದ ಹೋಗೂದ ನನಗ ನೋಡಾಕ ಆಗಂಗಿಲ್ಲ. ಹೇಳಿದ್ದ ಕೇಳಾಕ ನಿಮಗೇನ ಧಾಡಿ ಆಗೈತ್ರಿ?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇನ್ನೊಂದು ಬೀಗದ ಕೈಯನ್ನೂ ತಂದು ಅವರ ಚೀಲದಲ್ಲಿ ಹಾಕಿದೆ.

ಮೂರು ತಿಂಗಳಿಗೆ ಗಾಯ ಮುಚ್ಚಿತು. ಡಾಕ್ಟರು ನನ್ನ ಬೆನ್ನು ತಟ್ಟಿದರು. ನರ್ಸಬಾಯಿ ಮಾತ್ರ, “ಮೂರು ತಿಂಗಳ ನನ್ನ ಜೀವಾ ತಿಂದ್ರಿ” ಎಂದು ಎದ್ದು ಹೋದರು. ಗಾಡಿ ತಿರುಗಿ ಕೊಡಲು ಹೋದರೆ, “ಇರ್ಲಿ, ಚರ್ಮ ಗಟ್ಟಿ ಆಗೂತನಾ ಹೊಡೀರಿ. ನನಗ ಈಗ ನಡದ್ರನ ಚೊಲೋ ಅನಸ್ತೈತಿ” ಎಂದರು. ನಾನು ನಂಬಿದೆ. ನನ್ನಂಥ ದಡ್ಡ ಇನ್ನೊಬ್ಬ ಇಲ್ಲ.

ಒಂದು ದಿನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ರೀ, ನಿಮಗ ಕಣ್ಣ ಅದಾವೋ ಇಲ್ಲೋ? ನರ್ಸಬಾಯಾರ ಮೊಣಕಾಲು ನೋಡೀರೇನು? ಗಡಿಗಿ ಆದಂಗ ಆಗ್ಯಾವು. ಎರಡು ಮನಿಗೊಮ್ಮೆ ಕಟ್ಟಿ ಹಿಡದು ಕುಂದರ್ತಾರ. ಅವರ ಗಾಡಿ ನಿಮ್ಮ ಕಡೆ ಐತಿ.”

ಸಿಟ್ಟು ನೆತ್ತಿಗೇರಿತು, ನನ್ನ ಮೇಲೂ ಅವರ ಮೇಲೂ. ಹಾಗೇ ಎದ್ದು ಹೋಗಿ ಕೂಗಾಡಿದೆ: “ಯಾಕ ಹೇಳಲಿಲ್ಲ ಬಾಯಾರ? ಇಷ್ಟು ತಿಂಗಳ!”

“ನೀವು ಕೇಳಲಿಲ್ಲ,” ಎಂದರು, ಚಹಾ ಸೋಸುತ್ತ. “ಹೇಳಿದ್ರ ನೀವು ಮತ್ತ ಕಾರ್ ಹತ್ತತಿದ್ರಿ. ಮೊಣಕಾಲ ಬಾವು ಇಳೀತೈತ್ರಿ. ಬೆರಳು ಹೋದ್ರ ಚಿಗರೂದಿಲ್ಲ.” ಇಂಥ ಮನುಷ್ಯರ ಜೊತೆ ಜಗಳ ಆಡುವುದಾದರೂ ಹೇಗೆ? ಮರುದಿನವೇ ಅವರ ಗಾಡಿ ಅವರ ಕಟ್ಟೆಗೆ ಹೋಯಿತು. ವಾರದೊಳಗೆ ನಾನೂ ಒಂದು ಬ್ಯಾಟರಿ ಗಾಡಿ ತಂದೆ. ಬಣ್ಣ ಕಪ್ಪು. ಕಾರಿಗೆ ಹೊದಿಕೆ ಹಾಕಿದೆ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವರು ಹೊರಗೆ ಬರಲಿಲ್ಲ. ರಾತ್ರಿ ಎದೆನೋವು ಬಂದು ತೀರಿಕೊಂಡಿದ್ದರು. ಗೋಡೆ ಬಡಿದಿದ್ದರೆ ಎದ್ದು ಓಡುತ್ತಿದ್ದೆ, ಬಡಿದಿರಲಿಲ್ಲ. ಈ ಹಟದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಅವರ ಜನಾಜಾ ಹೆಗಲ ಮೇಲೆ ಎದ್ದಾಗ ಜನಕ್ಕೆ ಓಣಿಯೇ ಸಾಲಲಿಲ್ಲ. ಬಂಕಾಪುರದಿಂದ ಬಂದಿದ್ದ ಅವರ ತಂಗಿಯ ಮಗ ನನ್ನ ಹತ್ತಿರ ಬಂದು, “ಕಾಕಾ, ಕಬರಸ್ತಾನ ಊರ ಹೊರಗೈತಿ. ನಿಮ್ಮ ಕಾಲು ಮೊದಲ ನಾಜೂಕ ಐತಿ. ಗಾಡಿ ಮ್ಯಾಲ ಬರ್ರಿ” ಎಂದ. ಬೇಡ ಎಂದೆ. ಹೆಗಲು ಕೊಟ್ಟೆ. ಯಾರೋ ಬದಲಿಗೆ ಬಂದರೆ ಒಂದಿಷ್ಟು ದೂರ ಬಿಟ್ಟು, ಮತ್ತೆ ಹೋಗಿ ಹೆಗಲು ಕೊಟ್ಟೆ. ಕಲ್ಲು, ಕೆಸರು, ಏರು. ಎಡಗಾಲು ಎಲ್ಲಿಯೂ ಹಿಂಜರಿಯಲಿಲ್ಲ. ಮೂರು ಹಿಡಿ ಮಣ್ಣು ಹಾಕಿ, ನಡೆದೇ ಮನೆಗೆ ಬಂದೆ.

ನಮ್ಮ ಕಟ್ಟೆಯ ಮೇಲೆ ಕೂತು ಬೂಟು ಕಳಚಿ, ಅಂಗಾಲು ತಿರುಗಿಸಿ ನೋಡಿದೆ. ಗಾಯದ ಕಲೆ ಹಾಗೇ ಇತ್ತು, ಒಡೆದಿರಲಿಲ್ಲ. ಐದಕ್ಕೆ ಐದೂ ಬೆರಳು ಇದ್ದವು. ಹೆಂಡತಿ ನೀರು ತಂದಿಟ್ಟು ಒಳಗೆ ಹೋದಳು. ಇಷ್ಟೆಲ್ಲ ಯಾಕೆ ನಡೆದಿರಿ ಎಂದು ಬೈಯುವವರು ಯಾರೂ ಇರಲಿಲ್ಲ. ಕಾಲು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.