ಎದುರು ಬಾರದ ಅಕ್ಕೋರು

ಹೈಸ್ಕೂಲಿನಲ್ಲಿ ನಮಗೆ ಕಲಿಸಿದ ಅಕ್ಕೋರು ಗಂಡಸರ ಚಪ್ಪಲಿ ಮೆಟ್ಟುತ್ತಿದ್ದರು. ದಪ್ಪ ಅಟ್ಟೆಯ, ಎಣ್ಣೆ ಕಾಣದ ಕೊಲ್ಹಾಪುರಿ ಜೋಡು. ನಡೆದರೆ ಕರ್ ಕರ್ ಎಂದು ಓಣಿ ತುಂಬ ಸದ್ದು. ಬಿಳಿ ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡ ಆ ಸಣಕಲು ಹೆಂಗಸು ಕಣ್ಣಿಗೆ ಬೀಳುವ ಮೊದಲೇ ಚಪ್ಪಲಿ ಕಿವಿಗೆ ಬೀಳುತ್ತಿತ್ತು. ಬಿದ್ದ ಕೂಡಲೇ ನಮ್ಮವ್ವ ನನ್ನನ್ನೂ ತಮ್ಮನನ್ನೂ ರಟ್ಟೆ ಹಿಡಿದು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದಳು.

"ನಿಲ್ರಿ. ಆಕಿ ಹೋಗಲಿ, ಆಮ್ಯಾಲ ಇಳೀರಿ."

ಅಕ್ಕೋರು ವಿಧವೆ. ಹೊರಗೆ ಹೊರಟವರಿಗೆ ವಿಧವೆ ಎದುರಾದರೆ ಹೋದ ಕೆಲಸ ಕೆಟ್ಟಿತು ಎಂಬುದು ಆಗಿನ ಧಾರವಾಡದಲ್ಲಿ ಯಾರೂ ವಾದ ಮಾಡದ ಮಾತು. ನಾನೂ ಮಾಡಿರಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ನಮಗೆ ಭೂಗೋಳ ಕಲಿಸಲು ಬಂದ ಮೇಲೆ ಒಂದು ದಿನ ಕೇಳಿದೆ. "ಅಕ್ಕೋರ, ಚಪ್ಪಲಿಗೆ ಸ್ವಲ್ಪ ಎಣ್ಣಿ ಹಚ್ಚಬಾರದೇನ್ರಿ? ಎಷ್ಟ ಸಪ್ಪಳಾ ಮಾಡ್ತಾವ."

"ಸಪ್ಪಳಾ ಆಗಲಿ ಅಂತನ ಹಚ್ಚೂದಿಲ್ಲ" ಎಂದರು. "ಹೊರಗ ಹೊಂಟವರಿಗೆ ನಾ ಬರೂದು ಮೊದಲ ಗೊತ್ತಾಗಬೇಕಲ್ಲಾ. ಅವರಿಗೂ ತ್ರಾಸಿಲ್ಲ, ನನಗೂ ಬೈಗಳ ತಪ್ಪತಾವ."

ಇವತ್ತು ಸಂತ್ಯಾಗ ಪುಂಡಿಪಲ್ಯ ಸೋವಿ ಅದ ಎಂದು ಕಾಯಿಪಲ್ಯದ ದರ ಹೇಳುವ ಧಾಟಿಯಲ್ಲಿ ಹೇಳಿದರು. ದಿನಾ ನಮ್ಮ ಬಾಗಿಲ ಮುಂದೆ ಕೇಳಿದ ಸದ್ದು ಅದು. ಅದು ಬೇಕೆಂದೇ ಮಾಡಿದ ಸದ್ದು ಎಂದು ಯಾರಿಗೆ ಹೊಳೆದೀತು?

ಊರಿನ ಓಣಿಗಳೆಲ್ಲ ಅವರ ತಲೆಯಲ್ಲಿದ್ದವು. ಮಂಗಳವಾರ ಸಂತೆಯ ಮಂದಿ ಯಾವ ಕಡೆಯಿಂದ ಬರುತ್ತಾರೆ, ಲಗ್ನದ ತಿಂಗಳಲ್ಲಿ ಯಾವ ಗುಡಿಯ ಮುಂದೆ ಹಾಯಬಾರದು, ರೈಲಿನ ಹೊತ್ತಿಗೆ ಸ್ಟೇಶನ್ನಿನ ದಾರಿ ಯಾಕೆ ಬೇಡ, ಎಲ್ಲ ಲೆಕ್ಕ ಹಾಕಿಯೇ ಅವರು ಮನೆಯಿಂದ ಹೊರಬೀಳುತ್ತಿದ್ದುದು. ದಾರಿ ಆರಿಸುವ ವಿದ್ಯೆಯಲ್ಲಿ ಅರ್ಧ ಅವರಿಗೆ ಹೀಗೆ ಬಂತು. ಉಳಿದರ್ಧ ತಂದೆಯಿಂದ ಬಂದದ್ದು. ತಂದೆ ಜಂಗಲ್ ಖಾತೆಯಲ್ಲಿ ಕಾರಕೂನರಾಗಿದ್ದರು, ಮಗಳನ್ನು ಚಿಕ್ಕಂದಿನಲ್ಲಿ ಗುಡ್ಡಗಾಡೆಲ್ಲ ತಿರುಗಿಸಿದ್ದರು.

ಮೂವತ್ತರ ದಶಕದ ಕೊನೆಯ ಮಾತು. ನಾವು ಮ್ಯಾಟ್ರಿಕ್ ತರಗತಿಯಲ್ಲಿದ್ದೆವು. ಒಂದು ದಿನ ಅಕ್ಕೋರು ಹಸಿ ಕೆಮ್ಮಣ್ಣು ತರಿಸಿ ವರ್ಗದ ನೆಲದ ಮೇಲೆ ಉದ್ದನೆಯ ಗುಡ್ಡವೊಂದನ್ನು ಮಾಡಿದರು. "ಇದು ಕಪ್ಪತಗುಡ್ಡ. ಕಾರ್ತೀಕದಾಗ ನಾವೆಲ್ಲಾ ಹೋಗೂದು. ಮುಂಜಾನೆ ಏರಿ ಸಂಜಿಕಿಂತ ಮೊದಲ ಇಳೀಬೇಕು. ಯಾವ ದಾರೀಲೆ ಹೋಗೂಣು, ಹೇಳ್ರಿ."

ನಮ್ಮ ಬೆರಳೆಲ್ಲ ಒಂದೇ ಕಡೆ ಹೋದವು. ನೆತ್ತಿಯಿಂದ ಬುಡಕ್ಕೆ ನೇರವಾಗಿ ಇಳಿದ ಒಂದು ಕೊರಕಲಿತ್ತು. ಎಲ್ಲಕ್ಕಿಂತ ಹತ್ತಿರದ ದಾರಿ. ಅಕ್ಕೋರು ತಂಬಿಗೆ ಬಗ್ಗಿಸಿ ನೆತ್ತಿಯ ಮೇಲೆ ನೀರು ಬಿಟ್ಟರು. ನೀರು ಅದೇ ಕೊರಕಲಿನಲ್ಲಿ ಸರ್ರನೆ ಇಳಿಯಿತು.

"ಇದು ನೀರಿನ ದಾರಿ. ನೀರು ಬಿದ್ದರ ಅದಕ್ಕ ನೋವಾಗೂದಿಲ್ಲ" ಎಂದರು. "ಏರೂ ದಾರಿ ಹುಡುಕಬ್ಯಾಡ್ರಿ. ಇಳಿಯೂ ದಾರಿ ಮೊದಲ ಹುಡುಕ್ರಿ. ಹೊಳ್ಳಿ ಮನೀಗೆ ಬರೂದು ಯಾವ ದಾರೀಲೆ ಆಗ್ತದೋ ಅದ ಛಲೋ ದಾರಿ."

ಅವರು ಆರಿಸಿದ್ದು ಗುಡ್ಡದ ಬೆನ್ನಿನ ದಾರಿ. ಸುತ್ತು ಹೆಚ್ಚು, ಗಾಳಿ ವಿಪರೀತ, ಆದರೆ ಕಾಲಿಗೆ ನೆಲ ಗಟ್ಟಿ, ಆಚೆ ತುದಿಯಲ್ಲಿ ಊರಿಗೆ ಇಳಿಯುವ ಗಾಡಿದಾರಿ. ಒಂದೇ ಕಡೆ ಹೆದರಿಕೆ ಇತ್ತು. ನಡುವೆ ಒಂದು ಬಂಡೆ, ಅದರ ಕೆಳಗೆ ಹೆಜ್ಜೇನಿನ ಹುಟ್ಟುಗಳು. ಬಿಸಿಲೇರುವ ಮೊದಲು, ಮಾತಿಲ್ಲದೆ ದಾಟಬೇಕು. ಒಬ್ಬೊಬ್ಬರೂ ಒಂದು ಕಂಬಳಿ ತರಬೇಕು. ಮತ್ತೆ, ಯಾರೂ ತಲೆಗೆ ವಾಸನೆಯೆಣ್ಣೆ ಹಚ್ಚಬಾರದು, ಹೂ ಮುಡಿಯಬಾರದು.

ಹೂವಿನ ಮಾತು ಮನೆಗೆ ತಲುಪಿದ್ದೇ ಅವ್ವ ಕೆಂಡವಾದಳು. ಆ ದೀಪಾವಳಿಯಲ್ಲಷ್ಟೇ ನನ್ನ ಲಗ್ನ ನಿಶ್ಚಯವಾಗಿತ್ತು. ಹುಡುಗನ ಮನೆಯವರು ಹುಬ್ಬಳ್ಳಿಯವರು, ಭಾರಿ ಮಡಿವಂತರು. "ತನಗ ಹೂವಿಲ್ಲಂತ ಎಲ್ಲಾರ ತಲೀನೂ ಬೋಳು ಮಾಡ್ಲಿಕ್ಕೆ ಹತ್ಯಾಳ" ಎಂದಳು ಅವ್ವ. "ನಿಶ್ಚೆ ಆದ ಹುಡುಗಿ ಬರೇ ತಲೀಲೆ ಊರು ಬಿಡ್ತಾಳೇನು?" ಹೊರಡುವ ದಿನ ತುರುಬು ಕಟ್ಟುವಾಗ ಶಾವಂತಿಗೆ ಮರುಗದ ಸಣ್ಣ ದಂಡೆಯೊಂದನ್ನು ಒಳಗೆ ಸಿಕ್ಕಿಸಿ ಮೇಲೆ ಕೂದಲು ಮುಚ್ಚಿದಳು. ಅವ್ವನಿಗೆ ಎದುರಾಡುವ ಕಾಲವೇ ಅದು? ಸೆರಗು ಹೊದ್ದು ಹೊರಟೆ.

ರೈಲಿನಲ್ಲಿ ಗದಗು, ಅಲ್ಲಿ ಧರ್ಮಶಾಲೆಯಲ್ಲಿ ಸ್ವಲ್ಪ ಮಲಗಿ, ನಡುರಾತ್ರಿ ಚಕ್ಕಡಿ ಹತ್ತಿ, ಮಸುಕು ಹರಿಯುವಾಗ ಗುಡ್ಡದ ಬುಡ. ಏರಿ ಬೆನ್ನಿನ ಮೇಲೆ ನಿಂತಾಗ ಕಂಡ ನೆಲ ಎಷ್ಟು ದೊಡ್ಡದು! ಮನೆ, ಸಾಲಿ, ಗುಡಿ ಬಿಟ್ಟು ಬೇರೇನೂ ಕಾಣದ ಹುಡುಗಿಯರು ನಾವು, ಬಾಯಿ ಬಿಟ್ಟು ನಿಂತೆವು. ಅಕ್ಕೋರು ಮುಂದೆ ಕರ್ ಕರ್ ಎಂದು ನಡೆಯುತ್ತಿದ್ದರು. ಅಷ್ಟು ಬೀಸು ನಡಿಗೆ ಊರಲ್ಲಿ ನಾನು ನೋಡಿರಲಿಲ್ಲ. "ಇಲ್ಲಿ ಯಾರಿಗೂ ಎದುರಾಗೂ ಅಂಜಿಕಿ ಇಲ್ಲ ನೋಡ್ರಿ" ಎಂದು ನಕ್ಕರು.

ಬಂಡೆ ದಾಟುವಾಗ ಮೊದಲ ಹುಳ ನನ್ನ ತಲೆಯ ಸುತ್ತಲೇ ಗುಂಯ್ ಎಂದಿತು. ಇನ್ನೊಂದು ಬಂತು. ಸೆರಗಿನೊಳಗೆ ಹೊಕ್ಕು ತುರುಬಿನ ಬುಡಕ್ಕೆ ಕಡಿಯಿತು. ಚೀರಿದೆ. ಅಷ್ಟರಲ್ಲಿ ಬಂಡೆಯ ಕೆಳಗಿನಿಂದ ಹಿಂಡೇ ಏಳುವ ಸದ್ದು.

ಅಕ್ಕೋರು ಒಂದೇ ನೆಗೆತಕ್ಕೆ ಬಳಿ ಬಂದು ತುರುಬಿಗೆ ಕೈ ಹಾಕಿದರು. ದಂಡೆ ಕೈಗೆ ಬಂತು, ಅದರಲ್ಲಿ ಹುಳಗಳು ಅಂಟಿಕೊಂಡಿದ್ದವು. ಕಪಾಳಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಉಗುರಿನಿಂದ ಹುಳದ ಮುಳ್ಳು ಕೆರೆದು ತೆಗೆದು, ಮಣ್ಣು ತಿಕ್ಕಿದರು. "ಎಲ್ಲಾರೂ ಕಂಬಳಿ ಹೊತಗೊಂಡು ಹುಲ್ಲಾಗ ಬೋರಲ ಬೀಳ್ರಿ. ಅಲಗ್ಯಾಡಬ್ಯಾಡ್ರಿ."

"ಒಗದಬಿಡ್ರಿ ಅಕ್ಕೋರ ಅದನ್ನ" ಎಂದು ಯಾರೋ ಅತ್ತರು.

"ಒಗದರ ಈ ಗಾಳಿಗೆ ಹೊಳ್ಳಿ ನಿಮ್ಮ ಮ್ಯಾಲ ಬರ್ತದ. ಹುಳಾ ಇದರ ಬೆನ್ನ ಹತ್ಯಾವ. ಇದನ್ನ ಕೆಳಗ ಒಯ್ಯಬೇಕು."

ಚಪ್ಪಲಿ ಕಳಚಿದರು. ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಬಿಗಿದರು. ಅವರ ತಲೆಯನ್ನು ನಾವು ನೋಡಿದ್ದು ಅದೇ ಮೊದಲು. ಬೋಳು ಎಂದುಕೊಂಡಿದ್ದೆವು. ಅರ್ಧ ನರೆತ ದಟ್ಟ ಕೂದಲು, ಬಿಗಿಯಾದ ಗಂಟು. ಆ ಗಂಟಿಗೆ ನನ್ನ ಹೂವಿನ ದಂಡೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಂಡೆ ಹಿಡಿಯುತ್ತ ಕೊರಕಲಿಗೆ ಇಳಿದುಬಿಟ್ಟರು. ನಮಗೆ ಬೇಡವೆಂದಿದ್ದ ಅದೇ ನೀರಿನ ದಾರಿ.

ಸುಳ್ಳು ಯಾಕೆ ಹೇಳಲಿ, ಕಂಬಳಿಯ ಸಂದಿನಿಂದ ಅದನ್ನು ನೋಡಿ ನನಗೆ ಹುಳದ ಭಯವೇ ಮರೆತುಹೋಯಿತು. ಪಕ್ಕದಲ್ಲಿದ್ದವಳು ಪಿಸುಗುಟ್ಟಿದಳು. "ಅಕ್ಕೋರು ಹೂ ಮುಡಕೊಂಡ್ರು." ನನ್ನ ಜೀವ ಉಳಿಸಲು ಒಬ್ಬರು ಸಾವಿನ ಬಾಯಿಗೆ ಇಳಿಯುತ್ತಿದ್ದಾರೆ, ನಾವು ಅಂಜಿದ್ದು ಆ ಹಳದಿ ಹೂವಿಗೆ. ಹುಳಗಳ ಮೋಡ ನಮ್ಮನ್ನು ದಾಟಿ ಅವರ ಹಿಂದೆ ಹೋಯಿತು. ಆಮೇಲೆ ಬರೀ ಗಾಳಿ. ಬಂಡೆಯ ಅಂಚಿನಲ್ಲಿ ಎರಡು ಚಪ್ಪಲಿ.

ಹುಲ್ಲಿನಲ್ಲಿ ಎಷ್ಟು ಹೊತ್ತು ಬಿದ್ದಿದ್ದೆವೋ. ಕೊನೆಗೆ ಅವರು ತೋರಿಸಿಕೊಟ್ಟ ದಾರಿಯಲ್ಲೇ, ನಾನು ಅವರ ಚಪ್ಪಲಿ ಎದೆಗವಚಿಕೊಂಡು, ಆಚೆ ತುದಿಗೆ ಇಳಿದೆವು. ಅಷ್ಟರಲ್ಲಿ ಕುರಿಕಾಯುವವರು ಅವರನ್ನು ಕಂಬಳಿಯಲ್ಲಿ ಹೊತ್ತು ತಂದಿದ್ದರು. "ನೀರಿನ ಗುಂಡ್ಯಾಗ ಮಾರಿ ಮುಳುಗಿಸಿ ಕುಂತಿದ್ದಳ್ರಿ ತಾಯಿ. ಜೀವಾ ಐತಿ, ಲಗೂ ದವಾಖಾನಿಗೆ ಒಯ್ಯರಿ" ಎಂದ ಒಬ್ಬ ಮುದುಕ. ಮುಖವೆನ್ನುವುದೇ ಇರಲಿಲ್ಲ, ಕಣ್ಣು ಮೂಗು ಒಂದಾಗಿದ್ದವು. ಗಂಟಿನಲ್ಲಿ ಶಾವಂತಿಗೆ ಮಾತ್ರ ಹಾಗೇ ಇತ್ತು. ಚಕ್ಕಡಿಯವರು ನೋಡಿದರು, ಗುಡ್ಡದ ದೇವರಿಗೆ ಬಂದವರು ನೋಡಿದರು. ಸುದ್ದಿ ನಮಗಿಂತ ಮೊದಲು ಧಾರವಾಡ ಮುಟ್ಟಿತು. ಜೇನು ಎದ್ದ ಸುದ್ದಿಯಲ್ಲ. ವಿಧವೆ ಹೂ ಮುಡಿದ ಸುದ್ದಿ.

ಗದಗಿನ ದವಾಖಾನೆಯಿಂದ ಅವರು ಮನೆಗೆ ಬಂದರೆಂದು ತಿಳಿದ ದಿನ ಅವ್ವ ನನ್ನ ಕೈ ಹಿಡಿದು ಅಲ್ಲಿಗೆ ನಡೆದಳು. ಕೈಮುಗಿಯಲು ಹೊರಟಿದ್ದಾಳೆ ಎಂದುಕೊಂಡಿದ್ದೆ. ಬಾಗಿಲಲ್ಲೇ ನಿಂತು ಶುರುಮಾಡಿದಳು.

"ನಿಶ್ಚೆ ಆದ ಹುಡುಗಿ ತಲ್ಯಾಗಿನ ಹೂವು ಕಿತ್ತು ನೀವು ಮುಡಕೊಂಡ್ರಲ್ಲಾ, ನಿಮಗ ಏನೂ ಅನಿಸಲಿಲ್ಲೇನ್ರಿ? ನಾಳೆ ಆಕಿ ಕುಂಕುಮಕ್ಕ ಏನರ ಆದರ ಯಾರು ಹೊಣಿ?"

ನೆಲ ಬಾಯಿ ಬಿಡಬಾರದೇ ಎನಿಸಿತು. ಚಾಪೆಯ ಮೇಲೆ ಮಲಗಿದ್ದ ಅಕ್ಕೋರಿಗೆ ಕಣ್ಣು ಇನ್ನೂ ತೆರೆದಿರಲಿಲ್ಲ. ದನಿ ಬಂದ ಕಡೆ ಮುಖ ತಿರುಗಿಸಿದರು.

"ಖರೇ ಅದ ರೀ. ಹೂ ನಿಮ್ಮ ಮಗಳದು, ಮುಡಕೊಂಡಾಕಿ ನಾನು. ಕೈಯಾಗ ಹಿಡಕೊಂಡಿದ್ದರ ಕಲ್ಲು ಹಿಡಕೊಂಡು ಇಳೀಲಿಕ್ಕೆ ಆಗ್ತಿರಲಿಲ್ಲ." ಆಮೇಲೆ ಅವರೇ ಕೇಳಿದರು. "ಹುಡುಗೀಗೆ ಎಲ್ಲೆರ ಗಾದರಿ ಎದ್ದಾವೇನು ನೋಡ್ರಿ. ನನಗ ಕಾಣ್ಸೂದಿಲ್ಲ."

ಅವ್ವ ನನ್ನ ಮುಖ, ಕೈ, ಕುತ್ತಿಗೆ ನೋಡಿದಳು. ತುರುಬಿನ ಬುಡದ ಆ ಒಂದು ಕಡಿತ ಬಿಟ್ಟರೆ ಎಲ್ಲೂ ಬಾವಿನ ಗಾದರಿ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಮನೆಯ ಕಡೆ ಹೊರಟಳು, ಆದರೆ ಮನಸ್ಸು ಕರಗಿತೆಂದು ಹೇಳಲಾರೆ. ಹುಬ್ಬಳ್ಳಿಯವರು ಆ ವಾರವೇ ಲಗ್ನ ಮುರಿದರು. ಹೂವು ಯಾರ ತಲೆ ಸೇರಿತೋ ಹುಡುಗಿಯ ಭಾಗ್ಯವೂ ಅಲ್ಲಿಗೇ ಹೋಯಿತು ಎಂದು ಹೇಳಿಕಳಿಸಿದರು. ಅವ್ವ ಅಡಿಗೆಮನೆಯಲ್ಲಿ ಕೂತು ಅತ್ತಳು. ಸಾಲಿಯ ಕಮಿಟಿಯವರು ಅಕ್ಕೋರನ್ನು ಕರೆಸಿ, ಎಷ್ಟು ಹುಳ ಕಡಿದವು ಎಂದು ಕೇಳಲಿಲ್ಲ, ಮುಡಿದದ್ದು ನಿಜವೇ ಎಂದು ಮಾತ್ರ ಕೇಳಿದರು. ನಿಜ ಎಂದರು ಅಕ್ಕೋರು. ಅಲ್ಲಿಗೆ ಅವರ ಹೈಸ್ಕೂಲಿನ ನೌಕರಿ ಮುಗಿಯಿತು. ಹತ್ತಿರದ ಹಳ್ಳಿ ಅಮ್ಮಿನಬಾವಿಯಲ್ಲಿ ಸಣ್ಣ ಹುಡುಗಿಯರಿಗೆ ಅಕ್ಷರ ತಿದ್ದಿಸುವ ಕೆಲಸ ಸಿಕ್ಕಿತು.

ನಾನು ಸಂಕಟಪಟ್ಟರೆ ಅವರೇ ಸಮಾಧಾನ ಹೇಳುತ್ತಿದ್ದರು. "ಅಮ್ಮಿನಬಾವಿ ಹೊಲದ ದಾರಿ ಛಲೋ ಅದ. ಎದುರು ಬಂದರೂ ಎತ್ತು ಬರ್ತಾವ, ಅವು ಏನೂ ಅನ್ನೂದಿಲ್ಲ." ಹುಳ ಕಡಿದ ಅವರ ಎಡಗಿವಿ ಮಾತ್ರ ಕೊನೆಯವರೆಗೂ ದಪ್ಪಗೇ ಉಳಿಯಿತು.

ಮುರಿದ ಲಗ್ನ ಮತ್ತೆ ಕೂಡಲಿಲ್ಲ, ಅಪ್ಪ ಮುಂದೆ ಓದಿಸಿದರು. ಬೆಳಗಾವಿಗೆ ಟ್ರೇನಿಂಗಿಗೆ ಹೊರಡುವ ಹಿಂದಿನ ದಿನ ಅಕ್ಕೋರ ಮನೆಗೆ ಹೋಗಿ ಹೇಳಿದೆ. "ನಾಳೆ ನಾ ಹೊಸ್ತಿಲಾ ದಾಟೂವಾಗ ನೀವು ಎದುರು ಬರ್ರಿ."

"ಹುಚ್ಚಿ. ನಿಮ್ಮವ್ವ ನೀ ಹೊಳ್ಳಿ ಬರೂತನಕಾ ಜೀವಾ ಕೈಯಾಗ ಹಿಡಕೊಂಡು ಕೂಡ್ತಾಳ. ಆಕೀಗೆ ಯಾಕ ಆ ತ್ರಾಸ?"

ಮರುದಿನ ಬರಲಿಲ್ಲ. ರೈಲು ಬಿಟ್ಟ ಮೇಲೆ ನೋಡಿದರೆ ಪ್ಲ್ಯಾಟ್‌ಫಾರ್ಮಿನ ತುದಿಯಲ್ಲಿ, ಬೇವಿನ ಗಿಡದ ಹಿಂದೆ ಬಿಳಿ ಸೆರಗು.

ನಾನು ಕಲಿಸುವ ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ಸುದ್ದಿ ತಿಳಿದು ಓಡಿಬಂದೆ. ಅವರು ಜೀವಮಾನವೆಲ್ಲ ನಡೆದ ಹಿಂದಿನ ಓಣಿಗಳ ತಿರುವಿನಲ್ಲಿ ಚಟ್ಟ ತಿರುಗುವುದಿಲ್ಲ ಎಂದು ಹೊತ್ತವರು ಹಿರಿಯ ಬೀದಿ ಹಿಡಿದರು. ಹಿಂದೆ ನಡೆದ ನಾವು ಹೆಂಗಸರು ತಿರುವಿನ ತನಕ ಹೋಗಿ ನಿಂತೆವು. ನಮ್ಮ ಓಣಿ ಆ ಬೀದಿಗೆ ಕೂಡುವ ಮೂಲೆಯಲ್ಲೇ ನಮ್ಮ ಮನೆ, ಅಲ್ಲಿಂದ ಕಾಣುತ್ತದೆ.

ಅವತ್ತೇ ತಮ್ಮ ಹುಬ್ಬಳ್ಳಿಗೆ, ರೈಲ್ವೆ ನೌಕರಿಯ ಮುಲಾಖತ್ತಿಗೆ ಹೊರಟಿದ್ದ. ಅವನು ಮೆಟ್ಟಿಲಿಗೆ ಕಾಲಿಡುವುದಕ್ಕೂ ಚಟ್ಟ ಕಾಣುವುದಕ್ಕೂ ಸರಿಹೋಯಿತು. ಅವ್ವ ಅವನ ರಟ್ಟೆ ಹಿಡಿದಳು. ಯಾರ ಹೆಣವೆಂದು ಅವಳಿಗೆ ಗೊತ್ತಿತ್ತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು.

"ನಿಲ್ಲೋ" ಎಂದಳು. "ಎದುರು ಬರಲಿ, ಆಮ್ಯಾಲ ಇಳಿ. ಹೆಣಾ ಎದುರಾದರ ಛಲೋ ಶಕುನ."

ತಮ್ಮ ಕೈಮುಗಿದು ಇಳಿದುಹೋದ. ಅವನಿಗೆ ಆ ನೌಕರಿ ಸಿಕ್ಕಿತು.