ಕೋಲು ಹೊತ್ತು ಬಾಗಿಲಿಗೆ ಬಂದವರು: ಶ್ರೀ ಫೆಲಿಮ್ ಗಿಲ್‌ಹೀನಿ

ಬಾಗಿದ ಕೋಲಿನಿಂದ ಚೆಂಡು ಹೊಡೆದಾಡುವ ಹರ್ಲಿಂಗ್ ಆಟದ ನಮ್ಮ ಕೌಂಟಿಯ ಚರಿತ್ರೆಯನ್ನು ಯಾರಾದರೂ ಬರೆಯಲು ಕುಳಿತರೆ, ಗೆದ್ದ ಬಹುಮಾನಗಳ ಅಧ್ಯಾಯ ಒಂದು ಪುಟಕ್ಕೆ ಮುಗಿದುಹೋದೀತು. ಆದರೆ ಆಟ ಉಳಿದುಬಂದ ಅಧ್ಯಾಯ ದೊಡ್ಡದಿದೆ, ಅದರ ಉದ್ದಕ್ಕೂ ಒಂದೇ ಹೆಸರು ಮತ್ತೆಮತ್ತೆ ಬರುತ್ತದೆ. ಕೌಂಟಿ ಹರ್ಲಿಂಗ್ ಸಮಿತಿಯ ಕಾರ್ಯದರ್ಶಿಯಾಗಿ ಸುಮಾರು ಮೂವತ್ತು ವರ್ಷ ದುಡಿದು, ಈ ವಸಂತದಲ್ಲಿ ಆ ಹೊಣೆಯನ್ನು ಇಳಿಸಿರುವ ಶ್ರೀ ಫೆಲಿಮ್ ಗಿಲ್‌ಹೀನಿಯವರದು ಆ ಹೆಸರು. ದಕ್ಷಿಣದ ದೊಡ್ಡ ಕೌಂಟಿಗಳಲ್ಲಿ ಮಕ್ಕಳು ಸರಿಯಾಗಿ ನಡೆಯುವ ಮೊದಲೇ ಕೋಲು ಹಿಡಿಯುತ್ತವೆ. ಅಲ್ಲಿ ಕಾರ್ಯದರ್ಶಿಯ ಕೆಲಸವೆಂದರೆ ತುಂಬಿ ಹರಿಯುವ ಹೊಳೆಗೆ ದಡ ಕಾಯುವುದು. ನಮ್ಮದು ಫುಟ್‌ಬಾಲಿನ ನೆಲ. ಇಲ್ಲಿ ಹರ್ಲಿಂಗ್ ನಡೆಸುವುದೆಂದರೆ ಬೊಗಸೆಯಲ್ಲಿ ನೀರು ಹಿಡಿದು ಗುಡ್ಡ ಹತ್ತಿದಂತೆ. ಫೆಲಿಮ್ ಅವರು ಹತ್ತಿದರು, ಬೊಗಸೆ ಬರಿದಾಗಲು ಬಿಡಲಿಲ್ಲ.

ಅವರ ತಂದೆ ದಕ್ಷಿಣದ ಟಿಪ್ಪರರಿಯವರು. ಪೊಲೀಸ್ ಕೆಲಸದಲ್ಲಿ ವರ್ಗವಾಗಿ ನಮ್ಮ ಡ್ರಮಗೋರಿಗೆ ಬಂದಾಗ ಒಂದು ಪೆಟ್ಟಿಗೆ, ಒಂದು ಸೈಕಲ್ಲು, ಸೈಕಲ್ಲಿನ ಹಿಂದೆ ಕಟ್ಟಿದ ಎರಡು ಮೂರು ಹರ್ಲಿ ಕೋಲು ಇಷ್ಟನ್ನೇ ತಂದಿದ್ದರಂತೆ. ಊರಿನ ಬೇಲಿಗಳಲ್ಲಿ ಆಗ ಹರ್ಲಿ ಕೋಲಿಗೆ ಬೇಕಾದ ಆಶ್ ಮರಗಳಿಗೆ ಬರವಿರಲಿಲ್ಲ. ಪೊಲೀಸಪ್ಪ ಬೇರು ಸಮೇತ ಮರ ಕೀಳಿಸಿ, ಬುಡದ ಬಾಗನ್ನು ಹುಡುಕಿ ಕೋಲು ಕೆತ್ತಿ, ಸಂಜೆ ಪಾಳಿ ಮುಗಿದ ಮೇಲೆ ಊರ ಹುಡುಗರಿಗೆ ಚೆಂಡು ಹೊಡೆಯಲು ಕಲಿಸಿದರು. ನಮ್ಮ ಗಡಿಯಲ್ಲಿ ಕಳ್ಳಸಾಗಣೆ ಹಿಡಿಯಲು ಸರ್ಕಾರ ಕಳಿಸಿದ ಮನುಷ್ಯ ತಾನೇ ಹೊರಗಿನ ಆಟವನ್ನು ಒಳಗೆ ಸಾಗಿಸಿದ ಎಂದು ಹಿರಿಯರು ಇಂದಿಗೂ ನಗುತ್ತಾರೆ. ಆ ತಂದೆಯ ಕೋಲುಗಳಲ್ಲಿ ಒಂದು ಮಾತ್ರ ಉಳಿದಿದೆ. ತುದಿಯಲ್ಲಿ ತಗಡಿನ ಪಟ್ಟಿಯ ಮೇಲೆ ಪಟ್ಟಿ ಬಿದ್ದು, ಮರಕ್ಕಿಂತ ತಗಡೇ ಹೆಚ್ಚಾಗಿರುವ ಆ ಕೋಲು ಫೆಲಿಮ್ ಅವರ ವ್ಯಾನಿನಲ್ಲಿ ಸದಾ ಜೊತೆಗಿರುತ್ತಿತ್ತು. ಈ ಲೇಖನದ ಕೊನೆಗೆ ಅದರ ಮಾತು ಮತ್ತೆ ಬರುತ್ತದೆ.

ಫೆಲಿಮ್ ಅವರು ಸ್ವತಃ ದೊಡ್ಡ ಆಟಗಾರರೇನೂ ಆಗಿರಲಿಲ್ಲ. ಎಡಬದಿಯ ಮೂಲೆಯಲ್ಲಿ ನಿಂತು ತಮ್ಮ ಪಾಲಿನ ಏಟು ತಿಂದು ಬರುವವರು. ಜೀವನಕ್ಕೆ ಹಾಲಿನ ಲಾರಿ ಓಡಿಸಿದರು. ಯಾವ ಮನೆಯ ಅಂಗಳದಲ್ಲಿ ಲಾರಿ ತಿರುಗುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಹುಡುಗರು ದೊಡ್ಡವರಾಗುತ್ತಿದ್ದಾರೆ, ಎಲ್ಲವೂ ಅವರಿಗೆ ಆ ಲಾರಿಯಿಂದಲೇ ಗೊತ್ತಾಯಿತು. ಹರ್ಲಿಂಗ್ ಸಮಿತಿಗೆ ಕಾರ್ಯದರ್ಶಿಯಾಗಲು ಯಾರೂ ಒಪ್ಪದ ವರ್ಷ, ಸಭೆಗೆ ತಡವಾಗಿ ಬಂದ ಕಾರಣಕ್ಕೇ ಅವರನ್ನು ಆರಿಸಲಾಯಿತೆಂಬುದು ನಿಜ. ಬಾಗಿಲು ತೆರೆದು ಒಳಗೆ ಕಾಲಿಡುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಏಕೆಂದು ಕೇಳುವ ಮೊದಲು ಅವರೂ ತಟ್ಟಿದ್ದರು.

ಕಾರ್ಯದರ್ಶಿಗಳು ಸಾಮಾನ್ಯವಾಗಿ ಕಾಗದ ಬರೆದು, ದೂರವಾಣಿಯಲ್ಲಿ ಕೂಗಿ ಆಟಗಾರರನ್ನು ಕರೆಯುತ್ತಾರೆ. ಫೆಲಿಮ್ ಅವರ ಆಡಳಿತ ಬೇರೆಯದೇ ಬಗೆಯದು. ಪಂದ್ಯ ಮುಗಿದ ಕೂಡಲೇ ಅವರು ಸೋಲು ಗೆಲುವಿನ ಮಾತಾಡದೆ ಎಲ್ಲರ ಕೋಲುಗಳನ್ನು ಒಟ್ಟುಮಾಡಿ ವ್ಯಾನಿಗೆ ತುಂಬಿಕೊಳ್ಳುತ್ತಿದ್ದರು. ಮನೆಗೆ ಒಯ್ದು, ಸೀಳಿದ್ದಕ್ಕೆ ತಗಡಿನ ಪಟ್ಟಿ ಬಡಿದು, ಹಿಡಿಗೆ ಹೊಸದಾಗಿ ಪಟ್ಟಿ ಸುತ್ತಿ, ಅಗಸೆ ಎಣ್ಣೆ ತಿಕ್ಕಿ ಒಲೆಯ ಮುಂದೆ ಒಣಗಿಸುತ್ತಿದ್ದರು. ವಾರದ ನಡುವೆ ಒಂದೊಂದಾಗಿ ಅವರವರ ಮನೆ ಬಾಗಿಲಿಗೆ ಒಯ್ದು ಕೈಗೆ ಕೊಡುತ್ತಿದ್ದರು. ಭಾನುವಾರ ಬಾ ಎಂದು ಅವರು ಯಾರಿಗೂ ಹೇಳಿದ್ದಿಲ್ಲ. "ಸೀಳು ಬಿಟ್ಟಿತ್ತು, ಕೂರಿಸಿದೀನಿ, ನೋಡು" ಎನ್ನುವುದು, ಹುಡುಗನ ತಾಯಿ ಕೊಟ್ಟ ಚಹ ಕುಡಿಯುವುದು, ಹೊರಡುವುದು. ದುರಸ್ತಿಯಾದ ಕೋಲನ್ನು ಕೈಯಲ್ಲಿ ಹಿಡಿದವನಿಗೆ ಭಾನುವಾರ ಬೇರೆ ಕೆಲಸವಿದೆ ಎನ್ನಲು ಬಾಯಿ ಬರುತ್ತಿರಲಿಲ್ಲ.

ಈ ಸೇವೆಯ ಅರ್ಧ ಭಾರ ಹೊತ್ತವರು ಅವರ ಪತ್ನಿ ಶ್ರೀಮತಿ ಕಾನ್ಸೆಪ್ಟಾ. ಪಂದ್ಯದ ದಿನ ಚಹದ ಕೋಣೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಅವರು ದೂರುವುದನ್ನು ನಾವೆಲ್ಲ ಕೇಳಿದ್ದೇವೆ: "ನಮ್ಮನೇಲಿ ಒಲೆ ಮುಂದೆ ಬೆಕ್ಕಿಗೂ ಜಾಗ ಇಲ್ಲ ಕಣ್ರೇ. ಮದ್ವೆ ಆದಾಗ ಇವ್ರ ಮೈಯಿಂದ ಹಾಲಿನ ವಾಸ್ನೆ ಬರ್ತಿತ್ತು, ಈಗ ಅಗಸೆ ಎಣ್ಣೆ. ಹಾಲೇ ವಾಸಿ!"

ಆದರೂ ಇಳಿಗಾಲವನ್ನು ಒಬ್ಬ ಮನುಷ್ಯ ತಡೆಯಬಲ್ಲನೇ? ಏಳು ಊರುಗಳಲ್ಲಿದ್ದ ಹರ್ಲಿಂಗ್ ತಂಡಗಳು ಎರಡಕ್ಕೆ ಬಂದವು. ಹುಡುಗರು ಓದಲು ಹೋದವರು ಡಬ್ಲಿನ್ನಿನಲ್ಲೇ ನಿಂತರು. ಉಳಿದವರನ್ನು ಫುಟ್‌ಬಾಲ್ ತರಬೇತುದಾರರು ಬಿಟ್ಟುಕೊಡುತ್ತಿರಲಿಲ್ಲ. ನಮಗೆ ಸಿಕ್ಕಿದ್ದು ನದಿಯ ಕಡೆಯ ಹಿಂದಿನ ಮೈದಾನ. ಮಾರ್ಚ್ ತಿಂಗಳವರೆಗೂ ಅಲ್ಲಿ ಬಾತುಕೋಳಿಗಳದೇ ಆಟ. ಬೇಲಿಯ ಆಶ್ ಮರಗಳಿಗೂ ರೋಗ ತಗುಲಿ ತುದಿಯಿಂದ ಒಣಗತೊಡಗಿದವು. ಇಷ್ಟರ ನಡುವೆ ಕೌಂಟಿಯ ತಂಡ ಲೀಗಿನ ತೀರ ಕೆಳಗಿನ ದರ್ಜೆಯಲ್ಲಿ ಪ್ರತಿ ಚಳಿಗಾಲವೂ ಕಣಕ್ಕಿಳಿಯುತ್ತಿತ್ತೆಂದರೆ, ಆ ಒಲೆಯ ಮುಂದೆ ಒಣಗಿದ ಕೋಲುಗಳಿಂದ.

ಆರು ವರ್ಷಗಳ ಹಿಂದಿನ ಚಳಿಗಾಲವನ್ನು ಇಲ್ಲಿ ನೆನೆಯಲೇಬೇಕು. ಜನವರಿಯಲ್ಲಿ ಫೆಲಿಮ್ ಅವರ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಯಿತು. ಊರುಗೋಲು, ವ್ಯಾನು ಓಡಿಸುವಂತಿಲ್ಲ. ಆಗ ಎರಡೂ ಆಟಗಳನ್ನು ನಡೆಸುವ ಕೌಂಟಿ ಮಂಡಳಿಯ ಅಧ್ಯಕ್ಷರಾಗಿದ್ದವರು ಶ್ರೀ ಯೂಜೀನ್ ಮಲ್ವೀ. ಹುಟ್ಟಾ ಫುಟ್‌ಬಾಲಿನವರು, ಒಳ್ಳೆಯ ಹೃದಯದವರು. ಕಾರ್ಯದರ್ಶಿಗೆ ತೊಂದರೆಯಾಗಬಾರದೆಂದು ಅವರು ಹೊಚ್ಚಹೊಸ ಕೋಲುಗಳ ಕಟ್ಟು ತರಿಸಿ, ಅಭ್ಯಾಸದ ದಿನ ಎಲ್ಲರಿಗೂ ಹಂಚಿಬಿಟ್ಟರು. ಫುಟ್‌ಬಾಲ್‌ಗಳೆಲ್ಲ ಒಂದೇ ಅಳತೆಯವು ತಾನೇ? ಹಾಗಾಗಿ ಕೋಲುಗಳೂ ಒಂದೇ ಅಳತೆಯವು ಬಂದಿದ್ದವು. ಗೋಲು ಕಾಯುವ ಅಲ್ಟನ್ ಫ್ಲಡ್‌ಗೆ ಬೇಕಾದದ್ದು ಅಗಲ ಮುಖದ ಕೋಲು.

ಅವನು ಹೊಸದನ್ನು ತಿರುಗಿಸಿ ನೋಡಿ, "ಯೂಜೀನ್, ಇದ್ರಲ್ಲಿ ಚೆಂಡು ತಡೀಬೇಕಾ, ಇಲ್ಲ ಸೂಪು ಕಲಸ್ಬೇಕಾ?" ಎಂದನಂತೆ.

"ಕೊಟ್ಟಿದ್ದನ್ನ ಇಟ್ಕೊಳೋ ಮಾರಾಯ, ಫೆಲಿಮ್‌ಗೆ ಸ್ವಲ್ಪ ರಜಾ ಕೊಡು!"

ಮುಂದಿನ ಭಾನುವಾರ ಹೊರಗಿನ ಪಂದ್ಯ. ಸಂತೆ ಬಯಲಿನಲ್ಲಿ ಬಸ್ಸು ಕಾದು ನಿಂತಿತ್ತು. ಬೇಕಾದ ಹದಿನೈದರಲ್ಲಿ ಹತ್ತಿದವರು ಒಂಬತ್ತು ಮಂದಿ. ಎಲ್ಲರ ಬಳಿಯೂ ಹೊಸ ಕೋಲಿತ್ತು, ಆದರೆ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಬೇರೆಯವರು ಹೋಗುತ್ತಾರೆ ಬಿಡು ಎಂದು ಬಾರದ ಪ್ರತಿಯೊಬ್ಬನೂ ಮನೆಯಲ್ಲೇ ಉಳಿದಿದ್ದ. ಬಸ್ಸು ಹೊರಡಲಿಲ್ಲ, ಪಂದ್ಯ ಆಡದೆಯೇ ಎದುರಾಳಿಗೆ ಹೋಯಿತು. ಚಹದ ಕೋಣೆಯ ನಾವು ಕಟ್ಟಿಟ್ಟಿದ್ದ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಮುಂದಿನ ಮೈದಾನದಲ್ಲಿದ್ದ ಫುಟ್‌ಬಾಲಿನವರು ತಿಂದರು. ಚೆನ್ನಾಗಿವೆ ಎಂದೂ ಹೇಳಿದರು.

ಆ ಸುದ್ದಿ ಕೇಳಿ ಫೆಲಿಮ್ ಅವರು ಆ ಸಂಜೆ ಊಟ ಬಿಟ್ಟರು. ತಂಡ ಸೋತು ಬಂದಾಗ ಅವರು ಎಂದೂ ಹಾಗೆ ಕುಳಿತವರಲ್ಲ. ಸೋಲಾದರೂ ಆಡಿದ್ದರ ಗುರುತು. ಇದು ತಂಡವೇ ಇರಲಿಲ್ಲವೆಂಬುದರ ಗುರುತು. ಶಸ್ತ್ರಚಿಕಿತ್ಸೆಗೆ ಮೊದಲೇ ಸರಿಪಡಿಸಿಟ್ಟಿದ್ದ ಹಳೆಯ ಕೋಲುಗಳು ಒಲೆಯ ಮುಂದೆ ಹಾಗೆಯೇ ನಿಂತಿದ್ದವು. ಕೇಳಲು ಯಾರೂ ಬಂದಿರಲಿಲ್ಲ.

"ಅವ್ರಿಗೆ ಹೊಸ ಕೋಲು ಕೊಟ್ಟಿದ್ರಲ್ಲ, ಇನ್ನೇನು ಬೇಕಿತ್ತು?" ಎಂದು ಗೊಣಗಿದರು.

ಕಾನ್ಸೆಪ್ಟಾ ಅವರು ಕುದಿಯುವ ಕೆಟಲ್ ಇಳಿಸುತ್ತಾ, "ಕೋಲು ಯಾವನಿಗ್ರೀ ಬೇಕಿತ್ತು? ನೀವು ಬಾಗ್ಲಿಗೆ ಬರೋದು ಬೇಕಿತ್ತು" ಎಂದರು.

ವಾರದೊಳಗೆ ಕೌಂಟಿ ಮಂಡಳಿ ಸೇರಿತು. ಹರ್ಲಿಂಗ್ ತಂಡವನ್ನು ಲೀಗಿನಿಂದ ಹಿಂತೆಗೆಯಬೇಕೆಂಬ ಸಲಹೆ ಬಂತು. ಹೇಳಿದವರ ಮಾತಿನಲ್ಲಿ ದ್ವೇಷವಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಕಷ್ಟದ್ದು. ಒಮ್ಮೆ ಹಿಂತೆಗೆದರೆ ಮತ್ತೆ ಸೇರುವುದು ಕನಸಿನ ಮಾತೆಂದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಫೆಲಿಮ್ ಅವರು ಊರುಗೋಲಿನ ಮೇಲೆ ಎದ್ದು ನಿಂತು ದೀರ್ಘ ಭಾಷಣವೇನೂ ಮಾಡಲಿಲ್ಲ.

"ಇನ್ನೊಂದು ಭಾನುವಾರ ಕೊಡಿ. ಹದಿನೈದು ಜನ ಮೈದಾನಕ್ಕೆ ಇಳೀದಿದ್ರೆ, ಹಿಂತೆಗೆಯೋ ಕಾಗದಕ್ಕೆ ನಾನೇ ಸಹಿ ಹಾಕ್ತೀನಿ."

ಮಂಡಳಿ ಒಪ್ಪಿತು. ಹೊರಗೆ ಬಂದಾಗ ಯೂಜೀನ್ ಅವರು ಕಾರಿನ ಬಾಗಿಲು ತೆರೆದು ನಿಂತಿದ್ದರು.

"ಹತ್ತಯ್ಯಾ. ಯಾವ ಮನೆ ಮೊದ್ಲು?"

"ಫುಟ್‌ಬಾಲಿನವರ ಕಾರಲ್ಲಿ ಹರ್ಲಿ ಕೋಲು ತುಂಬಿದ್ರೆ ಕಾರು ಓಡತ್ತಾ?"

"ಓಡತ್ತೆ. ವಾಸ್ನೆ ಹೋಗಲ್ಲ ಅಷ್ಟೆ."

ಮುಂದಿನ ಉಪಾಯಕ್ಕೆ ಕಾರಣ ಸೊಂಟದ ನೋವೇ. ಎಲ್ಲ ಮನೆಗಳನ್ನೂ ಸುತ್ತಿ ಬರಲು ವೈದ್ಯರು ಬಿಟ್ಟಿರಲಿಲ್ಲ. ಅರ್ಧ ಮನೆಗಳಿಗಾದರೂ ಹೋಗಿ, ಉಳಿದವರಿಗೆ ಹೇಗೆ ತಲುಪಿಸುವುದೆಂದು ಯೋಚಿಸುತ್ತಾ ಮೊದಲ ಮನೆಯ ಅಂಗಳಕ್ಕೆ ಬಂದಾಗ, ಮಧ್ಯದ ಆಟಗಾರ ಟಿಯರ್ನನ್ ಮೆಗಾರನ್ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಬಂದ. ಫೆಲಿಮ್ ಅವರು ಕಾರಿನಿಂದ ಇಳಿಯದೆ ಕಿಟಕಿಯಿಂದ ಒಂದು ಕೋಲು ಚಾಚಿದರು.

"ಇದು ನಂದಲ್ಲ ಯಜಮಾನ್ರೇ. ಅಲ್ಟನ್‌ದು. ಮುಖ ನೋಡಿ, ಸಲಿಕೆ ಇದ್ದಂಗಿದೆ."

"ಅಲ್ಟನ್‌ದೇ. ಅವನ ಮನೆವರೆಗೆ ಹೋಗೋಕೆ ಈ ಸೊಂಟ ಬಿಡಲ್ಲ. ಭಾನುವಾರ ನೀನೇ ಕೊಟ್ಬಿಡು."

"ಮತ್ತೆ ನಂದು?"

"ಬೇರೆ ಯಾರ ಹತ್ರಾನೋ ಇರತ್ತೆ. ಭಾನುವಾರ ಸಿಗತ್ತೆ."

ಕಾರು ತಿರುಗಿಸುತ್ತಾ ಯೂಜೀನ್, "ನೀನು ರಾಜಕೀಯಕ್ಕೆ ಯಾಕಯ್ಯಾ ಹೋಗ್ಲಿಲ್ಲ?" ಎಂದರಂತೆ. ಹೀಗೆ ಒಬ್ಬನ ಕೋಲು ಮತ್ತೊಬ್ಬನ ಮನೆಗೆ, ಅವನದು ಮಗದೊಬ್ಬನ ಮನೆಗೆ ಸೇರಿತು. ಫೆಲಿಮ್ ಅವರು ಹೋಗಲಾಗದ ಮನೆಗಳಿಗೂ ಹೋದ ಮನೆಯವರೇ ಇನ್ನೊಬ್ಬರ ಕೋಲು ತಲುಪಿಸಿದರು.

ಆ ಭಾನುವಾರ ನಮ್ಮ ಹಿಂದಿನ ಮೈದಾನದಲ್ಲೇ ಪಂದ್ಯ. ನಿಯಮದ ಪ್ರಕಾರ ಹದಿಮೂರು ಮಂದಿಯಿಂದ ಆಟ ಆರಂಭಿಸಬಹುದು. ಆದರೆ ಎರಡನೆಯ ಅವಧಿಯ ಹೊತ್ತಿಗೆ ಹದಿನೈದು ಮಂದಿಯೂ ಕಣಕ್ಕೆ ಇಳಿದಿರಬೇಕು. ನಮ್ಮವರು ಹದಿನಾಲ್ಕು ಮಂದಿ ಬಂದಿದ್ದರು. ಬಾರದವನು ಟಿಯರ್ನನ್. ಹಾಗಾಗಿ ಅಲ್ಟನ್ ಯೂಜೀನರ ಹೊಸ ಕೋಲು ಹಿಡಿದು ಗೋಲು ಕಾದ, ಸೂಪು ಕಲಸುವ ಆ ಕೋಲಿನ ಪಕ್ಕದಿಂದ ಮೂರು ಚೆಂಡು ಒಳಗೆ ಹೋದವು. ಮಧ್ಯಂತರಕ್ಕೆ ಸೀಟಿ ಊದಿದಾಗ ಫೆಲಿಮ್ ಅವರು ಯಾರ ಮುಖವನ್ನೂ ನೋಡಲಿಲ್ಲ. ಗೇಟಿನ ಕಡೆಗೆ ಮುಖ ಮಾಡಿ ನಿಂತರು. ತಂದೆ ಸೈಕಲ್ಲಿನಲ್ಲಿ ತಂದ ಆಟ ತಮ್ಮ ಸಹಿಯಿಂದ ಮುಗಿಯುವುದೇ ಎಂಬ ಯೋಚನೆಯೊಂದೇ ಆಗ ಅವರ ತಲೆಯಲ್ಲಿದ್ದದ್ದೆಂದು ಅವರು ಬಹಳ ಕಾಲದ ನಂತರ ಹೇಳಿದ್ದಾರೆ. ತೀರ್ಪುಗಾರರು ಗಡಿಯಾರ ನೋಡಿಕೊಂಡು ಮೈದಾನದ ಮಧ್ಯಕ್ಕೆ ನಡೆಯುತ್ತಿದ್ದರು.

ಆಗ ಗೇಟಿನೊಳಗೆ ಟ್ರ್ಯಾಕ್ಟರು ನುಗ್ಗಿತು. ಟಿಯರ್ನನ್ ಮೊಣಕೈವರೆಗೆ ಕೊಟ್ಟಿಗೆಯ ಗುರುತು ಹೊತ್ತು, ಅಗಲ ಮುಖದ ಕೋಲನ್ನು ಎತ್ತಿ ಹಿಡಿದು ಓಡಿಬಂದ.

"ಹಸು ಈಯ್ತಿತ್ತು ಯಜಮಾನ್ರೇ! ಕರು ಹಾಕಿದ್ ಕೂಡ್ಲೇ ಅಣ್ಣನಿಗೆ ಬಿಟ್ಟು ಬಂದೆ. ಇವನ ಕೋಲು ನನ್ ಹತ್ರ ಇತ್ತಲ್ಲ, ಬರ್ದೆ ಇರೋಕಾಗತ್ತಾ?"

ಅಲ್ಟನ್ ಕೋಲು ಕಿತ್ತುಕೊಂಡು, "ಮೂರು ಗೋಲು ಹೋಯ್ತಲ್ಲೋ ನಿನ್ ಹಸುಗೆ! ಏನು ಹಾಕ್ತು?" ಎಂದ.

"ಹೆಣ್ಗರು."

"ಹೋಗ್ಲಿ, ಕ್ಷಮಿಸ್ದೆ."

ಪಂದ್ಯ ಸೋತೆವು; ಅದನ್ನು ಮರೆಮಾಡುವ ಅಗತ್ಯವಿಲ್ಲ. ಎರಡನೆಯ ಅವಧಿಯಲ್ಲಿ ಅಲ್ಟನ್ ಒಂದು ಗೋಲನ್ನೂ ಬಿಡಲಿಲ್ಲವೆಂಬುದನ್ನೂ ಮರೆಮಾಡಬೇಕಿಲ್ಲ. ಹಿಂತೆಗೆಯುವ ಸಲಹೆಯನ್ನು ಮುಂದಿನ ಸಭೆಯಲ್ಲಿ ತಿರಸ್ಕರಿಸಿರೆಂದು ಮೊದಲು ಕೈ ಎತ್ತಿದವರು ಯೂಜೀನ್ ಮಲ್ವೀ. ಅಂದಿನಿಂದ ನಮ್ಮ ತಂಡದಲ್ಲಿ ಪಂದ್ಯ ಮುಗಿದ ಮೇಲೆ ಯಾರೂ ತಮ್ಮ ಕೋಲನ್ನು ತಾವೇ ಮನೆಗೆ ಒಯ್ಯುವುದಿಲ್ಲ; ಇನ್ನೊಬ್ಬರದನ್ನು ಒಯ್ದು ಮುಂದಿನ ಭಾನುವಾರ ಕೈಗೆ ಕೊಡುತ್ತಾರೆ. ದೊಡ್ಡ ಕೌಂಟಿಯವರು ಇದನ್ನು ಕಂಡು ನಗುತ್ತಾರೆ. ನಗಲಿ. ಆರು ವರ್ಷಗಳಲ್ಲಿ ನಾವು ಒಂದು ಪಂದ್ಯವನ್ನೂ ಆಡದೆ ಬಿಟ್ಟುಕೊಟ್ಟಿಲ್ಲ. ಕಳೆದ ವರ್ಷ ಮೂರನೆಯ ಊರಿನಲ್ಲಿ ಹರ್ಲಿಂಗ್ ಮತ್ತೆ ಆರಂಭವಾಗಿದೆ.

ಈ ಮಾರ್ಚ್ ತಿಂಗಳಲ್ಲಿ ಫೆಲಿಮ್ ಅವರ ಸೇವೆಯ ಕೊನೆಯ ಪಂದ್ಯ ನಡೆಯಿತು. ಕೈಕುಲುಕಿ, ಎಲ್ಲರ ಕಣ್ಣು ತಪ್ಪಿಸಿ ಅವರು ವ್ಯಾನಿನ ಹಿಂಬಾಗಿಲು ತೆರೆದರು. ಒಳಗೆ ಖಾಲಿ.

"ನಮ್ಮಪ್ಪನ ಕೋಲೆಲ್ರೋ?"

ಆಟಗಾರರೆಲ್ಲ ಬೂಟಿನ ದಾರದಲ್ಲೇ ಮುಳುಗಿದ್ದರು. ಅಲ್ಟನ್ ಮಾತ್ರ ತಲೆ ಎತ್ತಿದ.

"ಹಿಡಿ ಪಟ್ಟಿ ಸಡಿಲ ಆಗಿತ್ತು ಯಜಮಾನ್ರೇ. ಯಾರೋ ಸರಿ ಮಾಡೋಕೆ ತಗೊಂಡು ಹೋದ್ರು."

"ಯಾರು?"

"ಗೊತ್ತಿಲ್ಲ. ಭಾನುವಾರ ಸಿಗತ್ತೆ. ಬರ್ಲೇಬೇಕು."

ಫೆಲಿಮ್ ಅವರು ಬಾಗಿಲು ಮುಚ್ಚಿ, ಭಾನುವಾರ ಎಷ್ಟು ಗಂಟೆಗೆ ಎಂದು ಕೇಳಿದರು.

ಅವರಿಗೂ ಕಾನ್ಸೆಪ್ಟಾ ಅವರಿಗೂ ದೀರ್ಘಾಯುಷ್ಯವನ್ನು, ಗಟ್ಟಿ ಸೊಂಟವನ್ನು, ಬೆಕ್ಕಿಗೆ ಒಲೆಯ ಮುಂದೆ ಜಾಗವನ್ನು ಕೌಂಟಿಯ ಹರ್ಲಿಂಗ್ ಬಳಗ ಮನಸಾರೆ ಹಾರೈಸುತ್ತದೆ. ಆ ಕೋಲು ಒಂದು ಭಾನುವಾರ ಅವರ ಕೈಗೆ ಬರುತ್ತದೆ, ಪಂದ್ಯ ಮುಗಿದೊಡನೆ ಮತ್ತೊಂದು ಮನೆಗೆ ಹೊರಡುತ್ತದೆ. ಈ ವಾರ ಅದು ಯಾರ ಒಲೆಯ ಮುಂದೆ ಒಣಗುತ್ತಿದೆಯೆಂದು ಚಹದ ಕೋಣೆಯ ನಮಗೆಲ್ಲ ಗೊತ್ತಿದೆ. ಅವರು ಎಷ್ಟೇ ಕೇಳಿದರೂ ನಾವು ಹೇಳುವುದಿಲ್ಲ.